ವಿಶೇಷವೇನಿಲ್ಲ

ನಾವು ಐದು ಜನ, ಒಂದು ನಾಯಿ.
ನಾಯಿಯ ಕೊರಳಿಗೂ ಹಸಿರು ಪಟ್ಟಿ, ಮೇಲೆ 'ಗಸ್ತು' ಎಂದು ಬರೆದಿದೆ.
ನಮ್ಮಲ್ಲಿ ಎಪ್ಪತ್ತು ದಾಟದ್ದು ಅದೊಂದೇ.

ಶುಕ್ರವಾರ ರಾತ್ರಿ ಎಂಟಕ್ಕೆ
ಹಮಾಕಾವಾ ನಾಲ್ಕನೇ ಬೀದಿಯ ಸಭಾಭವನದೆದುರು
ಮಿಂಚುವ ಅಂಗಿ ತೊಟ್ಟು ನಿಲ್ಲುತ್ತೇವೆ.
ನನ್ನದು ಮೊಣಕಾಲಿಗೆ ಬರುತ್ತದೆ; ಚಿಕ್ಕ ಅಳತೆ ಮುಗಿದಿತ್ತಂತೆ.
ಮುಂದೆ ನಿಶಿಗೊರಿ, ಮೂವತ್ತೆಂಟು ವರ್ಷ ರೈಲು ಓಡಿಸಿದವರು.
ಇವತ್ತಿಗೂ ಒಂದೊಂದು ಗೇಟಿಗೂ ಕೈ ಚಾಚಿ, ಬೆರಳು ತೋರಿ
"ಬೀಗ, ಸರಿ!"
"ದೀಪ, ಸರಿ!"
ಬೀದಿಗೆ ಬೀದಿಯೇ ಪ್ಲಾಟ್‌ಫಾರ್ಮು ಬಿಟ್ಟು ಹೊರಡಬೇಕು ಎಂಬ ಹಾಗೆ.

ಕೊನೆಗೆ ನಾನು. ಕೈಯಲ್ಲಿ ಎರಡು ಮರದ ತುಂಡು,
ನಡುವೆ ಒಂದು ಕೆಂಪು ದಾರ.
ಟಕ್. ಟಕ್.
"ಬೆಂಕಿ ಜೋಪಾನ!"
ಒಳಗೆ ಯಾರೋ ಟೀವಿಯ ದನಿ ತಗ್ಗಿಸುತ್ತಾರೆ,
ಇಲ್ಲವೆ ನಮ್ಮನ್ನು ಮುಳುಗಿಸಲು ಏರಿಸುತ್ತಾರೆ.

ಹೋದ ವರ್ಷ ಇಲ್ಲಿ ಕಳುವಾದದ್ದು
ಎರಡು ಕೊಡೆ, ಹೂ ಬಿಟ್ಟ ಒಂದು ಕುಂಡ.
ಉಳಿದ ಪುಟಗಳಲ್ಲೆಲ್ಲ ಒಂದೇ ಸಾಲು:
ವಿಶೇಷವೇನಿಲ್ಲ. ವಿಶೇಷವೇನಿಲ್ಲ.

ಡಿಸೆಂಬರಿನ ಎರಡನೇ ಶುಕ್ರವಾರ, ಹಿಮ ಬೀಳುವುದೋ ಬೇಡವೋ ಎನ್ನುತ್ತಿತ್ತು.
ಮೀನು ಕಾರ್ಖಾನೆಯ ಕಡೆಯಿಂದ ಒಂದು ಸೈಕಲ್.
ಕಂಡೊಡನೆ ನಿಶಿಗೊರಿ ಕೈಯೆತ್ತಿದರು.
ಮಡ್‌ಗಾರ್ಡಿನ ಮೇಲೆ ಬಿಳಿ ಬಣ್ಣದಲ್ಲಿ ಇವಾಕುಮಾ,
ಸತ್ತು ಮೂರು ವರ್ಷವಾದ ಗೆಳೆಯನ ಹೆಸರು,
ಗೆಳೆಯನದೇ ಅಕ್ಷರ.

ಇಳಿದವನಿಗೆ ಇಪ್ಪತ್ತೋ ಇಪ್ಪತ್ತೊಂದೋ.
ಕಾಗದ ತೋರಿಸಿದ. ತ್ವಾನ್, ವಿಯೆಟ್ನಾಂ.
ನಮ್ಮ ಭಾಷೆಯನ್ನು ಬಿಸಿ ಚಹಾದಂತೆ ತುಟಿಯಂಚಿನಲ್ಲಿ ಹಿಡಿದು ಮಾತಾಡಿದ.
ಆಗ ನಾನು ಹತ್ತಿರ ಹೋದೆ.
ನಲವತ್ತು ವರ್ಷ ಲಾಂಡ್ರಿ ನಡೆಸಿದವಳು,
ಯಾವ ಕಲೆ ಎಂದು ಮೂಸಿಯೇ ಹೇಳಬಲ್ಲೆ, ಅದೊಂದು ಜಂಬ ನನಗೆ.
ಹೇಳಿಬಿಟ್ಟೆ: "ತೋಳಿನಲ್ಲಿ ಸೀಮೆಎಣ್ಣೆ."

ಬೆಂಕಿ ಕಾಯುವವರ ನಡುವೆ ಆ ಮಾತು ಬಿದ್ದದ್ದೇ ತಡ,
ನಾಯಿ ಕೂಡ ಎದ್ದು ನಿಂತಿತು.

ಕಳ್ಳನಾದರೆ ಓಡಬೇಕಿತ್ತು, ಅವನು ಸ್ಟ್ಯಾಂಡ್ ಹಾಕಿದ.
"ಅಜ್ಜಿ ಕೊಟ್ಟದ್ದು, ಸೈಕಲ್," ಎಂದ. "ಅಜ್ಜಿಯ ಒಲೆ. ಡಬ್ಬ ಭಾರ.
ನಾನು ತುಂಬಿಸುತ್ತೇನೆ."

ಇವಾಕುಮಾ ಹೆಂಡತಿಯ ಗೇಟು ನಮ್ಮ ಹಾದಿಯಲ್ಲಿ ಹನ್ನೊಂದನೆಯದು.
ವಾರಕ್ಕೊಮ್ಮೆ ಬೆರಳು ತೋರಿ ಸರಿ ಎಂದಿದ್ದೇವೆ.
ಒಳಗೆ ಹದಿನೆಂಟು ಲೀಟರಿನ ಡಬ್ಬವನ್ನು
ಯಾರು ಎತ್ತುತ್ತಾರೆಂದು
ನಮ್ಮ ಐವರಲ್ಲಿ ಒಬ್ಬರೂ ಕೇಳಿಕೊಂಡಿರಲಿಲ್ಲ.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುತ್ತಾರಲ್ಲ,
ನನ್ನ ಕೈ ತಾನಾಗಿ ಹೆಗಲ ಮಿಂಚುಪಟ್ಟಿಯ ಮೇಲಿತ್ತು.
ನಿಶಿಗೊರಿ ಬಗ್ಗಿ ವಂದಿಸಿದರು, ಅಗತ್ಯಕ್ಕಿಂತ ಹೆಚ್ಚು ಹೊತ್ತು.
ಆಮೇಲೆ ಸಭಾಭವನದಲ್ಲಿ, ಹೀಟರ್ ಪಕ್ಕ,
ಪುಸ್ತಕ ನನ್ನ ಕಡೆ ಸರಿಸಿದರು.
ಬರೆದೆ, ಅದೇ ಸಾಲು.
ಬೇರೆ ಏನಾದರೂ ಬರೆಯಲು ಆ ಪುಟದಲ್ಲಿ ಅಂಕಣವೂ ಇರಲಿಲ್ಲ, ಅದು ನೆಪ.

ಮುಂದಿನ ಶುಕ್ರವಾರ ಅವನೇ ನಮ್ಮನ್ನು ಮೊದಲು ಕಂಡ.
ಪಾನೀಯದ ಯಂತ್ರದ ಬೆಳಕಿನಲ್ಲಿ, ಅಷ್ಟು ದೂರದಲ್ಲೇ
ಸೈಕಲ್ ಇಳಿದು, ಟೋಪಿ ತೆಗೆದು,
ಹೆಸರು ಕಾಣುವಂತೆ ಮಡ್‌ಗಾರ್ಡು ನಮ್ಮತ್ತ ತಿರುಗಿಸಿ ನಿಂತಿದ್ದ.
ನಿಶಿಗೊರಿಯ ಬೆರಳು ಅಭ್ಯಾಸಬಲದಿಂದ ದೀಪದತ್ತ ಎದ್ದಿತು.
ಬಾಯಿಂದ 'ಸರಿ' ಮಾತ್ರ ಬರಲಿಲ್ಲ.

ನಾನು ಎದುರು ಬಂದಾಗ
ಇದೂ ಇಲ್ಲಿಯ ಒಂದು ನಿಯಮವೆಂದು ತಿಳಿದವನಂತೆ
ನಗುತ್ತಲೇ
ತೋಳನ್ನು ನನ್ನ ಮೂಗಿನ ತನಕ ಎತ್ತಿ ಹಿಡಿದ.

ಸಾಬೂನು. ಅಗ್ಗದ್ದು, ನಿಂಬೆಯ ವಾಸನೆಯದು.
ಸರಿಯಾಗಿ ಜಾಲಿಸಿರಲಿಲ್ಲ; ಚಳಿಗೆ ತೋಳು ಇನ್ನೂ ಒದ್ದೆ.
ಕಂಕುಳಲ್ಲಿ ಮರದ ತುಂಡುಗಳನ್ನು ಒತ್ತಿ ಹಿಡಿದಿದ್ದೆ,
ಒಂದಕ್ಕೊಂದು ತಾಗದಂತೆ.